ಏನಾಗಬೇಕು

ಹೆಂಡತಿಯ ಕುತ್ತಿಗೆ ಹತ್ತಿರ ಪೌಡರು ಸರಿಯಾಗಿ ಹರಡಿಲ್ಲ, ಬೆವರಿಗೆ ಗೆರೆಗೆರೆಯಾಗಿದೆ, ಕೋರ್ಟಿಗೆ ಬರೋಕೆ ಯಾರಾದರೂ ಪೌಡರು ಹಾಕ್ತಾರಾ, ನನ್ನ ಅಂಗಡಿಗೆ ಊಟ ತರುವಾಗ ನೈಟಿಯ ಮೇಲೊಂದು ಟವೆಲು, ಅಷ್ಟೇ, ಇವತ್ತು ಯಾರಿಗೆ ಅಂತ ಕೇಳಬಾರದು, ಕೇಳಿದರೆ ಅವಳದು ಅದೇ ಮಾತು — ಅವನು ನನ್ನ ಸೋದರಮಾವನ ಮಗ ಕಣ್ರೀ, ಹೊರಗಿನವನಾ? ಹೊರಗಿನವನಾಗಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. ಬಂದರಿನಲ್ಲಿ ಐಸ್ ಗಾಡಿ ಓಡಿಸೋನು, ಮೀನು ದಲ್ಲಾಳಿಯ ಹಲ್ಲು ಉದುರಿಸಿ ಒಳಗೆ ಹೋದ, ಜಾಮೀನೇನೋ ಸಿಕ್ಕಿದೆ, ಆದರೆ ಸ್ವಂತ ಮನೆ ಇರೋರು ಹೊಣೆ ನಿಲ್ಲಬೇಕಂತೆ, ಅವಳ ಕಡೆಯವರೆಲ್ಲ ಬಾಡಿಗೆ ಮನೆಯವರು, ಸ್ವಂತ ಸೂರು ಇರೋದು ಈ ಟೈಲರಿಗೆ ಮಾತ್ರ, ಅವನು ಒಳಗಿದ್ದಷ್ಟು ದಿನ ಅವಳ ಗಂಟಲಲ್ಲಿ ಅನ್ನ ಇಳಿಯಲಿಲ್ಲ, ನನಗೆ ಟೈಫಾಯ್ಡ್ ಬಂದಾಗ ಚೆನ್ನಾಗಿಯೇ ಉಂಡಳು, ಮತ್ತೆ ಬಡಿಸಿಕೊಂಡು ಉಂಡಳು.

ವಕೀಲ ಹೇಳಿಕೊಟ್ಟಿದ್ದಾನೆ, ಕೇಳಿದ್ದಕ್ಕಷ್ಟೇ ಉತ್ತರ ಯಜಮಾನ್ರೇ, ಹೆಚ್ಚುಕಮ್ಮಿಯಾದ್ರೆ ಬಿಡುಗಡೆ ಸೋಮವಾರಕ್ಕೆ ಹೋಗತ್ತೆ — ಹೋಗಲಿ, ಯಾರಪ್ಪನ ಗಂಟು — ಅಷ್ಟರಲ್ಲಿ ಹೆಸರು ಕೂಗಿದರು, ಜಡ್ಜ್ ಸಾಹೇಬರು ತಲೆ ಎತ್ತದೆ, ಆರೋಪಿ ನಿಮಗೆ ಏನಾಗಬೇಕು? ಏನೂ ಆಗಬಾರದು ಸ್ವಾಮಿ, ಅದೇ ನನ್ನ ಆಸೆ, ಬಾಯಿ ಹೇಳಿದ್ದು ಬೇರೆ — ಭಾವಮೈದುನ. ಆಹಾ, ಹೊಟ್ಟೆ ತಣ್ಣಗಾಯಿತು, ಒಂದೇ ಮಾತಿಗೆ ಅವಳ ಒಡಹುಟ್ಟಾಗಿಬಿಟ್ಟ, ಕೋರ್ಟಿನಲ್ಲೇ ಬರೆದುಕೊಂಡ ಮೇಲೆ ಮುಗಿಯಿತಲ್ಲ, ಅಕ್ಕ ತಮ್ಮ, ಈಗ ಹಾಕಿಕೋ ಪೌಡರು — ಹಿಂದಿನಿಂದ ಅವಳ ದನಿ, ಅಲ್ಲ ಸ್ವಾಮಿ, ನನಗೆ ಅಣ್ಣತಮ್ಮ ಯಾರೂ ಇಲ್ಲ, ಅವನು ಮಾವನ ಮಗ. ಬ್ಯಾಂಕಿನಲ್ಲಿ ಹೆಸರು ಕೇಳಿದರೂ ನನ್ನ ಮುಖ ನೋಡುವವಳು! ಮಾವನ ಮಗನಂತೆ, ನಮ್ಮಪ್ಪನೂ ಅವಳಿಗೆ ಮಾವನೇ, ನಾನೂ ಮಾವನ ಮಗನೇ. ಸಾಹೇಬರು ಈಗ ತಲೆ ಎತ್ತಿದರು, ಯಾವುದ್ರೀ ನಿಜ, ಬಾಡಿಗೆಗೆ ಬಂದಿದೀರಾ ಜಾಮೀನಿಗೆ? ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಅವನು ವಾಪಸ್ ಒಳಗೆ — ಆಮೇಲೆ ಇವಳು ತಟ್ಟೆ ಮುಂದೆ ಕೂತು ಗೋಡೆ ನೋಡ್ತಾಳೆ, ಅವನು ಜೈಲಲ್ಲಿದ್ದಷ್ಟೂ ದಿನ ನನ್ನ ಅಡುಗೆಮನೆಯಲ್ಲೇ ಇರ್ತಾನೆ, ಬೇಡ, ಬರಲಿ ಹೊರಗೆ, ಹಾಳಾದವನು. ಅವಳು ಹೇಳಿದ್ದೇ ಸರಿ ಸ್ವಾಮಿ, ಬಾಯಿ ತಪ್ಪಿತು. ಗುಮಾಸ್ತ ಹಲ್ಲು ಕಿರಿದ, ಹಾಗಂದ್ರೆ ವರಸೇಲಿ ನಿಮಗೆ ತಮ್ಮ ಆಗ್ಬೇಕು, ಅವನೇ ಕಟ್ಕೊಂಡಿದ್ರೂ ನಡೀತಿತ್ತಲ್ಲ! ಎಲ್ಲರೂ ನಕ್ಕರು, ನಾನೂ ನಕ್ಕೆ, ತಮ್ಮ ಅಂತಲೇ ಬರ್ಕೊಳ್ಳಿ ಅಂದೆ, ಸಹಿ ಹಾಕಿದೆ.

ಸಂಜೆ ಜೈಲಿನ ಬಾಗಿಲು, ಬಂದ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಬೆಲ್ಟು ಒಳಗೆಲ್ಲೋ ಕಳೆದಿದ್ದಾರಂತೆ, ಸೊಂಟ ಇಳಿದಿದೆ, ನಿಮ್ಮ ಋಣ ತೀರಿಸೋಕಾಗಲ್ಲ ಅಣ್ಣಾ ಅಂತಾನೆ, ಅಣ್ಣಾ, ವರಸೆ ಚೆನ್ನಾಗಿ ಗೊತ್ತು ಇವನಿಗೂ, ಕಣ್ಣು ನನ್ನ ಮೇಲೆ, ಇನ್ನೊಂದು ಕೈ ಮಾತ್ರ ನೋಡದೆಯೇ ಅವಳ ಕಡೆ ಚಾಚಿದೆ, ಅವನು ಏನೂ ಕೇಳಲಿಲ್ಲ, ಏನು ಬೇಕು ಅಂತ ಅವಳೂ ಕೇಳಲಿಲ್ಲ, ಹೆಗಲ ಮೇಲಿನ ಸೆರಗಿನಿಂದ ಪಿನ್ನು ಬಿಚ್ಚಿ ಅಂಗೈಗೆ ಇಟ್ಟಳು — ಟೈಲರು ನಾನು, ಜೇಬು ತುಂಬ ಪಿನ್ನಿದೆ — ಆಟೋ ಸಿಗತ್ತಾ ನೋಡ್ರೀ ಅಂತಿದ್ದಾಳೆ, ನೋಡ್ತಿದೀನಿ, ಅವನ ಸೊಂಟದಲ್ಲಿ ಪಿನ್ನು, ಅವಳ ಸೆರಗಿನಲ್ಲಿ ಎರಡು ಸಣ್ಣ ತೂತು, ಆಟೋ ರೀ, ಹೂಂ, ಪಿನ್ನು, ಎರಡು ತೂತು, ಪಿನ್ನು —