ಮಾಲೆಯ ಹಿಂದಿನ ದೀಪ

ಆಯುಧಪೂಜೆಯ ದಿನ ಪೀಣ್ಯದ ಆ ಶೆಡ್ಡಿನಲ್ಲಿ ಕುಲುಮೆಯೊಂದನ್ನು ಬಿಟ್ಟು ಎಲ್ಲ ಯಂತ್ರಗಳೂ ಸುಮ್ಮನಾಗಿದ್ದವು. ಗ್ಯಾಸಿನಲ್ಲಿ ಉರಿಯುವ ಕುಲುಮೆ. ಅದರ ಹೊಟ್ಟೆಯಲ್ಲಿ ಹಿಂದಿನ ದಿನವೇ ತುಂಬಿದ ಉಕ್ಕಿನ ಗೇರು ಚಕ್ರಗಳು ಕೆಂಪಗೆ ಕಾಯುತ್ತಿದ್ದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನ್ನು ಹೊರಗೆಳೆದು ಎಣ್ಣೆಗೆ ಅದ್ದಬೇಕು. ಅಷ್ಟರೊಳಗೆ ಬೆಂಕಿ ಆರಿತೋ, ಅಷ್ಟೂ ಮಾಲು ಗುಜರಿಗೆ.

ಕುಲುಮೆ ಕಾಯುವ ಯಮನಪ್ಪ ಬಾದಾಮಿ ಕಡೆಯವನು. ರಾಜಗೋಪಾಲನಗರದ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಬರುವಾಗಲೇ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಗೇರು ಎಣ್ಣೆಗಿಳಿದರೆ ಸಂಜೆಯ ಬಸ್ಸು, ಬಸ್ಸು ಸಿಕ್ಕರೆ ನಾಳೆ ಊರಲ್ಲಿ ಬನ್ನಿ ಹಬ್ಬ. ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ಅಣ್ಣ ಈ ಸಲ ತಾನಾಗಿ ‘ಬನ್ನಿಗೆ ಬಾ’ ಎಂದು ಹೇಳಿ ಕಳಿಸಿದ್ದ. ಬನ್ನಿಯ ಎಲೆ ಕೊಟ್ಟು ಕಾಲು ಮುಟ್ಟಿದ ಮೇಲೆ ಹಳೆಯದನ್ನು ಎತ್ತಿ ಆಡಬಾರದೆಂಬುದು ಆ ಸೀಮೆಯ ಕಟ್ಟು. ಕರೆದಾಗ ಹೋಗದಿದ್ದರೆ ಅಣ್ಣ ಎರಡನೆಯ ಸಲ ಕರೆಯುವವನಲ್ಲ. ಬೆಂಕಿ ಆರಿದರೆ ಹೊಸ ಮಾಲು ತುಂಬಿ ಮೊದಲಿನಿಂದ ಕಾಯಿಸಬೇಕು. ಯಮನಪ್ಪ ಅಲ್ಲೇ ಉಳಿಯಬೇಕು.

ಅವನ ಅಂಜಿಕೆಯೆಲ್ಲ ಆಫೀಸು ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಒಂದರ ಮೇಲೊಂದು ಕೂತಿದ್ದ ಮೂರು ಚಪ್ಪಟೆ ಪೆಟ್ಟಿಗೆಗಳ ಮೇಲೆ. ಅವುಗಳಿಗೆ ಸ್ವಿಚ್ ಎಂದು ಹೆಸರು. ಶೆಡ್ಡಿನ ಕಂಪ್ಯೂಟರು, ಕ್ಯಾಮೆರಾ, ಕುಲುಮೆ, ಎಲ್ಲದರ ತಂತಿಗಳೂ ಬಂದು ಅವುಗಳ ಮೂತಿಗೆ ಸಿಕ್ಕಿಕೊಳ್ಳುತ್ತವೆ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವುದು ಅವುಗಳ ಕೆಲಸ. ಮೂರೂ ಬೇರೆ ಬೇರೆ ಸಂಸಾರ ಹೂಡಿದ್ದವು. ಬೆನ್ನಿನ ಕಡೆಯಿಂದ ದಪ್ಪ ಕೇಬಲ್ಲಿನಲ್ಲಿ ಹೊಲಿದರೆ ಮೂರೂ ಒಂದೇ ಪೆಟ್ಟಿಗೆಯಂತೆ ನಡೆಯುತ್ತವೆ, ಒಂದು ಕೈಕೊಟ್ಟರೂ ಉಳಿದವು ಸಂಸಾರ ತೂಗಿಸುತ್ತವೆ. ಹಾಗೆ ಒಂದು ಮಾಡಲು ಬಂದವಳು ನೀಲಾಂಬಿಕಾ, ಯಮನಪ್ಪನ ಸೀಮೆಯವಳೇ. ಮಠದಲ್ಲಿ ಪುರಾಣ ಕೇಳುತ್ತ ಬೆಳೆದವಳು. ಒಂದು ಪಟ್ಟಕ್ಕೆ ಇಬ್ಬರು ಎದ್ದರೆ ಏನಾಗುತ್ತದೆಂದು ಅವಳಿಗೆ ಯಾವ ತರಬೇತಿಯೂ ಹೇಳಿಕೊಡಬೇಕಿರಲಿಲ್ಲ.

“ಇವತ್ತು ಬಿಟ್ರೆ ಮೆಷಿನ್ ಎಲ್ಲಾ ನಿಲ್ಲೋ ದಿನ ಇನ್ನು ವರ್ಷಕ್ಕೇ ಮೇಡಂ, ಇವತ್ತೇ ಮುಗಿಸ್ಬಿಡಿ,” ಎಂದಿದ್ದ ಮಾಲೀಕ ಮನು.

ಕುಲುಮೆಯ ತಂತಿಯೂ ಅದಕ್ಕೆ ಅಪ್ಪಣೆ ಕೊಡುವ ಕಂಪ್ಯೂಟರಿನ ತಂತಿಯೂ ಮೇಲಿನ ಸ್ವಿಚ್ಚಿನಲ್ಲಿದ್ದವು. ಎರಡು ನಿಮಿಷ ಕಂಪ್ಯೂಟರಿನ ಮಾತು ಕೇಳದಿದ್ದರೆ ಕುಲುಮೆ ತಾನಾಗಿ ಗ್ಯಾಸ್ ಮುಚ್ಚಿಕೊಳ್ಳುತ್ತಿತ್ತು. ಯಮನಪ್ಪ ಬಾಗಿಲಲ್ಲಿ ನಿಂತು ಕೇಳಿದ:

“ಯವ್ವಾ, ನಿನ್ನ ಡಬ್ಬಿ ಆಟದಾಗ ನನ್ನ ಬೆಂಕಿ ಹೋಗೂದಿಲ್ಲಲಾ?”

“ಹೋಗೂದಿಲ್ರಿ ಕಾಕಾ. ಮ್ಯಾಲಿಂದು ಎಚ್ಚರನ ಇರತೈತಿ. ನಡುವಿಂದನ್ನ ಮಲಗಿಸಿ, ಕೇಬಲ್ ಹಾಕಿ, ಆಮ್ಯಾಲೆ ಎಬ್ಬಸ್ತೀನಿ. ಅದು ಎದ್ದು ನೋಡೂದ್ರಾಗ ಹಿರಿಯ ಕುಂತಿರತಾನ. ಸುಮ್ನ ಕೈ ಮುಗೀತೈತಿ.”

“ಎರಡೂ ಎದ್ದಾಗ ಹಾಕಿದ್ರ?”

“ಇಬ್ರೂ ನಾನ ಹಿರಿಯ ಅಂತಾರ. ಒಬ್ಬ ಸೋತು ಸತ್ತು ಹುಟ್ಟತಾನ. ಹುಟ್ಟಾಕ ಐದು ನಿಮಿಷ ಬೇಕು.”

“ನಮ್ಮ ಮನಿ ಕತಿ ಬಿಡು,” ಎಂದು ಯಮನಪ್ಪ ಕುಲುಮೆಯ ಕಡೆ ನಡೆದ.

ಹಿಂದೆ ಇವನ್ನು ಕೂರಿಸಿದ ಪುಣ್ಯಾತ್ಮ ಮೂರಕ್ಕೂ ಹಿರಿತನದ ಅಂಕಿಯನ್ನು ಒಂದೇ ಇಟ್ಟಿದ್ದ, ಎಲ್ಲಕ್ಕಿಂತ ದೊಡ್ಡದನ್ನು. ಮಲಗಿದ್ದು ಎದ್ದು ಸೇರಿಕೊಳ್ಳುವಾಗ ಆ ಅಂಕಿಯನ್ನು ಯಾರೂ ಕೇಳುವುದಿಲ್ಲ. ಆಮೇಲೆ ಇಳಿಸಿದರಾಯಿತೆಂದು ಅವಳು ಬಿಟ್ಟಳು. ನಡುವಿನ ಸ್ವಿಚ್ಚಿನ ತಂತಿಗಳನ್ನು ಬಿಡಿಸಿ, ಪ್ಲಗ್ಗಿನ ಗುಂಡಿ ಆರಿಸಿ, ದಪ್ಪ ಕೇಬಲ್ಲಿನ ಒಂದು ತುದಿಯನ್ನು ಅದರ ಬೆನ್ನಿಗೆ ಸಿಕ್ಕಿಸಿದಳು. ಇನ್ನೊಂದು ತುದಿ ಕೈಯಲ್ಲಿರುವಾಗ ಮನುವಿನ ತಾಯಿ ಕಮಲಮ್ಮ ಬಂದರು. ಶೆಡ್ಡು ನಿಂತಿರುವ ನೆಲ ಅವರ ರಾಗಿ ಹೊಲವಾಗಿತ್ತು. ಇಂದಿಗೂ ಅವರು ಹೊಲದಲ್ಲಿ ನಡೆದ ಹಾಗೆಯೇ ಅಲ್ಲಿ ನಡೆಯುತ್ತಿದ್ದರು.

“ಬಾರಮ್ಮ, ಮಂಗಳಾರ್ತಿಗೆ ನಿಂತ್ಕೊ. ನಿನ್ ಕೈಲಿರೋ ಅಗ್ಗ ಎಲ್ಲೂ ಓಡೋಗಲ್ಲ.”

ದೇವರ ಕರೆಗೆ ಒಲ್ಲೆನೆನ್ನುವ ಅಭ್ಯಾಸ ನೀಲಾಂಬಿಕಾಗೆ ಇರಲಿಲ್ಲ. ಕೇಬಲ್ಲನ್ನು ತೂಗಲು ಬಿಟ್ಟು, ಕೈ ತೊಳೆದು ಹೋಗಿ ನಿಂತಳು. ಕುಂಬಳಕಾಯಿ ಒಡೆಯಿತು, ಕರ್ಪೂರ ಉರಿಯಿತು. ಕಮಲಮ್ಮ ಹೂವಿನ ಬುಟ್ಟಿ, ಆರತಿ ತಟ್ಟೆ ಹಿಡಿದು ಒಬ್ಬರೇ ಆಫೀಸು ಕೋಣೆಗೂ ಹೋಗಿ ಬಂದರು. ಆಮೇಲೆ ಶಾಸ್ತ್ರಕ್ಕೆಂದು ಕೆಲಸಗಾರರು ಒಂದೊಂದಾಗಿ ಯಂತ್ರಗಳನ್ನು ಚಾಲೂ ಮಾಡಿದರು. ಶೆಡ್ಡು ಗದ್ದಲದಿಂದ ತುಂಬಿತು.

ನೀಲಾಂಬಿಕಾ ಕೋಣೆಗೆ ಮರಳಿದಾಗ ಮೂರು ಸ್ವಿಚ್ಚುಗಳ ಮುಖಕ್ಕೂ ದಪ್ಪ ಚೆಂಡುಹೂವಿನ ಮಾಲೆ ಬಿದ್ದಿತ್ತು. ನಡುವಿನದರ ದೀಪ ಆರಿದೆಯೋ ಇಲ್ಲವೋ ನೋಡೋಣವೆಂದು ಕೈ ಮಾಲೆಯ ತನಕ ಹೋಯಿತು. ಏರಿಸಿದ ಹೂವನ್ನು ಅಂದೇ ತೆಗೆಯಬಾರದು, ಮರುದಿನದ ಪೂಜೆಯವರೆಗೆ ಅದು ದೇವರದು ಎಂದು ಅವಳ ಮನೆಯಲ್ಲಿ ಹೇಳಿಕೊಟ್ಟಿದ್ದರು. ತಾನೇ ಆರಿಸಿದ್ದಲ್ಲವೇ ಎಂದುಕೊಂಡು ಕೈ ಹಿಂದೆ ತೆಗೆದಳು. ಬೆನ್ನ ಕಡೆಗೆ ಬಾಗಿ ಕೇಬಲ್ಲಿನ ತುದಿಯನ್ನು ಮೇಲಿನದಕ್ಕೆ ಸಿಕ್ಕಿಸಿ ತಿರುಪು ಬಿಗಿದಳು.

ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೇಲಿನ ಸ್ವಿಚ್ಚಿನ ಫ್ಯಾನು ಹೊಸದಾಗಿ ಹುಟ್ಟುವಾಗ ಕೂಗುವ ಹಾಗೆ ಭರ್ರೆಂದು ಕೂಗಿತು. ಅವಳು ಮುಂದೆ ಬಂದು ನಡುವಿನದರ ಮಾಲೆ ಎತ್ತಿದಳು. ಹೂವಿನ ಹಿಂದೆ ಹಸಿರು ದೀಪ ನಿಶ್ಚಿಂತೆಯಿಂದ ಉರಿಯುತ್ತಿತ್ತು. ಎಚ್ಚರವಾಗಿದ್ದ ಎರಡನ್ನೂ ಅವಳೇ ಕಟ್ಟಿಹಾಕಿದ್ದಳು. ಅಂಕಿ ಸಮನಾದಾಗ ಕಾರ್ಖಾನೆಯಲ್ಲಿ ಬಂದ ಹುಟ್ಟುಸಂಖ್ಯೆ ಯಾರದು ಚಿಕ್ಕದೋ ಅವರಿಗೆ ಪಟ್ಟ. ನಡುವಿನದು ಗೆದ್ದಿತ್ತು, ಕುಲುಮೆಯ ತಂತಿ ಹಿಡಿದಿದ್ದ ಮೇಲಿನದು ಸತ್ತು ಹುಟ್ಟುತ್ತಿತ್ತು.

“ಯವ್ವಾ!” ಕುಲುಮೆಯ ಬಳಿಯಿಂದ ಯಮನಪ್ಪ ಕೂಗಿದ. “ಮಾತು ಬರವಲ್ದು ಅಂತ ಕೆಂಪು ತೋರಸಾಕತ್ತೈತಿ!”

ನೀಲಾಂಬಿಕಾ ಮೇಲಿನ ಮಾಲೆಯನ್ನು ಕಿತ್ತಳು. ಹೂವಿನ ಎಸಳು ನೆಲಕ್ಕೆ ಸುರಿಯಿತು. ತಂತಿಗಳ ಗುರುತಿನ ಚೀಟಿಗಳ ಮೇಲೆ ಕುಂಕುಮ ಮೆತ್ತಿತ್ತು. ಹೆಬ್ಬೆರಳಿನಿಂದ ಒರೆಸಿ ಕುಲುಮೆಯದನ್ನು ಹಿಡಿದಳು, ಕಂಪ್ಯೂಟರಿನದನ್ನು ಹಿಡಿದಳು. ಎರಡನ್ನೂ ಎಳೆದು, ಯಾರ ಜಗಳಕ್ಕೂ ಹೋಗದೆ ಗೇಟಿನ ಕ್ಯಾಮೆರಾ ನೋಡಿಕೊಂಡಿದ್ದ ಕೆಳಗಿನ ಸ್ವಿಚ್ಚಿಗೆ ಸಿಕ್ಕಿಸಿದಳು. ಕಿತ್ತಳೆ ಬಣ್ಣದ ಎರಡು ದೀಪ ಹತ್ತಿದವು. ಹೊಸದಾಗಿ ಬಂದವರನ್ನು ಸ್ವಿಚ್ಚು ಕೂಡಲೇ ನಂಬುವುದಿಲ್ಲ. ಅರ್ಧ ನಿಮಿಷ ನೋಡಿ, ಆಮೇಲೆ ಒಳಗೆ ಬಿಡುತ್ತದೆ.

ಸದ್ದು ಕೇಳಿ ಕಮಲಮ್ಮ ಬಂದರು. “ಅಯ್ಯೋ, ಊವ್ಯಾಕಮ್ಮ ಕಿತ್ಬಿಟ್ಟೆ?”

ಅವಳು ದೀಪಗಳಿಂದ ಕಣ್ಣು ಕೀಳಲಿಲ್ಲ. ಕಿತ್ತಳೆ. ಇನ್ನೂ ಕಿತ್ತಳೆ. ಒಂದು ದೀಪ ಹಸಿರಾಯಿತು, ಅದರ ಹಿಂದೆಯೇ ಇನ್ನೊಂದು.

“ಬಂತು! ಬೆಂಕಿ ಐತಿ, ಯವ್ವಾ!”

ಅವಳು ಕುರ್ಚಿಯ ಮೇಲೆ ಕೂತಳು. ಕಮಲಮ್ಮನಿಗೆ ಅರ್ಧ ತಿಳಿಯಿತು, ಅರ್ಧ ಅವಳ ಮುಖ ಹೇಳಿತು.

“ಗುಂಡಿ ಒತ್ತಿದ್ದು ನಾನೇ ಕಣಮ್ಮ. ಎಲ್ಡು ಮಿಣಮಿಣ ಅಂತಿದ್ವು, ನಡುವಿಂದು ಕಣ್ ಮುಚ್ಕೊಂಡಿತ್ತು. ಕಣ್ ಮುಚ್ಕೊಂಡಿರೋದ್ಕೆ ಆರ್ತಿ ಎತ್ತೋದು ಎಂಗೆ?”

“ತಪ್ಪು ನಂದೇ ಅಮ್ಮ. ಹೂ ಸರಿಸಿ ನೋಡ್ಬೇಕಿತ್ತು.”

“ಪೂಜೆ ಊವು ಅಂತ ಮುಟ್ಲಿಲ್ವಾ?”

ನೀಲಾಂಬಿಕಾ ಹೌದೆಂದು ತಲೆಯಾಡಿಸಿದಳು. ಕಮಲಮ್ಮ ಉಳಿದ ಎರಡು ಮಾಲೆಗಳನ್ನು ತಾವೇ ತೆಗೆದು ಕಪಾಟಿನ ಬಾಗಿಲಿಗೆ ತೂಗುಹಾಕಿದರು.

“ದ್ಯಾವ್ರು ಸಿಟ್ ಮಾಡ್ಕಂಡ್ರೆ ನನ್ ಮೇಲೆ ಮಾಡ್ಕಳ್ಲಿ. ನೀನ್ ಕೆಲ್ಸ ನೋಡು.”

ಮೇಲಿನ ಸ್ವಿಚ್ಚು ಎದ್ದು, ಕೂತಿದ್ದ ಹಿರಿಯನನ್ನು ನೋಡಿ ಒಪ್ಪಿಕೊಂಡಿತು. ಸಾಯುವಾಗ ಅದು ಮರೆತ ಸೆಟ್ಟಿಂಗುಗಳನ್ನೆಲ್ಲ ನೀಲಾಂಬಿಕಾ ತಿರುಗಿ ಬರೆದಳು. ಕುಲುಮೆಯ ತಂತಿಯನ್ನು ನಡುವಿನದಕ್ಕೆ ತಂದು, ಹಸಿರಾದ ಮೇಲೆ ಕಂಪ್ಯೂಟರಿನದನ್ನು ತಂದಳು. ಕೊನೆಗೆ ಕೆಳಗಿನದನ್ನು ಮಲಗಿಸುವ ಮುಂಚೆ ಕಮಲಮ್ಮನನ್ನು ಪ್ಲಗ್ಗಿನ ಬಳಿ ಕುರ್ಚಿ ಹಾಕಿ ಕೂರಿಸಿದಳು.

“ನಾನು ಹೇಳೋವರ್ಗೂ ಇದನ್ನ ಯಾರೂ ಮುಟ್ಟಬಾರ್ದು ಅಮ್ಮ.”

ಮೊಬೈಲ್ ಚಾರ್ಜಿಗೆಂದು ಬಂದ ಮನುವನ್ನೇ ಕಮಲಮ್ಮ “ಆಚೆ ಓಗ್ಲಾ” ಎಂದು ಬೈದು ಅಟ್ಟಿದರು. ಈ ಸಲ ನೀಲಾಂಬಿಕಾ ದೀಪ ಆರಿದ್ದನ್ನು ಕಣ್ಣಾರೆ ಕಂಡು, ಕೇಬಲ್ ಬಿಗಿದು, ಆಮೇಲೆ ಎಬ್ಬಿಸಿದಳು. ಅದು ತಕರಾರಿಲ್ಲದೆ ಬಂದು ಸೇರಿತು.

ಬಿಸಿಲು ಇಳಿಯುವಾಗ ಗೇರುಗಳು ಕೆಂಪಗೆ ಹೊರಬಂದು ಎಣ್ಣೆಗೆ ಇಳಿದವು. ಹೊಗೆ ಎದ್ದು ಚಾವಣಿಗೆ ಹತ್ತಿತು. ಯಮನಪ್ಪ ಮುಖ ತೊಳೆದು, ಚೀಲ ಹೆಗಲಿಗೇರಿಸಿ ಕೋಣೆಯ ಬಾಗಿಲಿಗೆ ಬಂದ.

“ಕಡೀಕ ಹಿರಿಯ ಯಾರಾದ, ಯವ್ವಾ?”

“ನಡುವಿಂದು, ಕಾಕಾ.”

“ಮ್ಯಾಲಿಂದು ಒಪ್ಪಿಕೊಂತು?”

“ಐದು ನಿಮಿಷದಾಗ.”

“ನಮಗ ಆರು ವರ್ಷ ಹಿಡೀತು ನೋಡು,” ಎಂದು ಅವನು ಚೀಲದ ಹಿಡಿ ಸರಿಪಡಿಸಿಕೊಂಡ. “ಬರೂಮುಂದ ನಿನಗೂ ಬನ್ನಿ ತರತೀನಿ.” ತುಮಕೂರು ರಸ್ತೆಯ ಕಡೆಗೆ ಬಿರಬಿರನೆ ನಡೆದ.

ನೀಲಾಂಬಿಕಾ ನೆಲದ ಎಸಳುಗಳನ್ನು ಕಾಗದದ ಮೇಲೆ ಗುಡಿಸಿ ತೆಗೆದಳು, ತುಳಿಯುವಲ್ಲಿ ಬೀಳದಂತೆ ಕಿಟಕಿಯಲ್ಲಿಟ್ಟಳು. ತಿರುಗಿ ನೋಡಿದರೆ ಕಮಲಮ್ಮ ಇನ್ನೂ ಪ್ಲಗ್ಗಿಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದರು. ಏಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.