ನಾಲ್ಕನೇ ಜ್ವರ

ಮಂಡಿನೋವು ಶುರುವಾದ ಮೇಲೆ ದೇವರಾಜುವಿಗೆ ಕೊಲೆ ಮಾಡುವುದು ಕಷ್ಟವಾಗತೊಡಗಿತು. ಹೊಡೆಯುವುದಕ್ಕೇನೂ ತೊಂದರೆಯಿರಲಿಲ್ಲ, ಆಮೇಲೆ ಓಡಲು ಆಗುತ್ತಿರಲಿಲ್ಲ. ಹೋದ ಸಲ ಮಾಗಡಿಯಲ್ಲಿ ಕೆಲಸ ಮುಗಿಸಿದವನು ಓಡಲಾರದೆ ಅಲ್ಲೇ ಬಸ್ ಸ್ಟಾಪಿನಲ್ಲಿ ಕೂತುಬಿಟ್ಟಿದ್ದ. ಪೊಲೀಸರು ಬಂದು ಅವನನ್ನೇ, "ಯಾರಾದ್ರೂ ಓಡಿದ್ದು ನೋಡಿದ್ರಾ ಯಜಮಾನ್ರೇ?" ಎಂದು ಕೇಳಿದರು. ಯಾರೂ ಓಡಲಿಲ್ಲವೆಂದು ಅವನು ನಿಜವನ್ನೇ ಹೇಳಿದ. ಹಾಗೆ ಪಾರಾದರೂ ಆ 'ಯಜಮಾನ್ರೇ' ಮನಸ್ಸಿಗೆ ನಾಟಿತು. ಇನ್ನು ಸಾಕು ಅನ್ನಿಸಿತು.

ತಿಪ್ಪಸಂದ್ರದಿಂದ ಬಸ್ಸು ಹತ್ತಿ ಬಿಡದಿಗೆ, ಮನೋಹರನ ಆಫೀಸಿಗೆ ಹೋದ. ಮನೋಹರ ರೈತರ ಜಮೀನು ಹಿಡಿದು ಸೈಟು ಮಾಡಿ ಮಾರುವವನು. ಕೊಡಲು ಒಪ್ಪದವರನ್ನು ದೇವರಾಜು ನೋಡಿಕೊಳ್ಳುತ್ತಿದ್ದ, ಮನೋಹರನ ಅಪ್ಪನ ಕಾಲದಿಂದಲೂ.

"ನಂಗೆ ರಿಟೈರ್ಮೆಂಟ್ ಬೇಕು ಅಣ್ಣ," ಎಂದ. ಮನೋಹರ ಅವನಿಗಿಂತ ಎಷ್ಟೋ ಚಿಕ್ಕವನಾದರೂ ಧಣಿ ಧಣಿಯೇ.

ಮನೋಹರ ಫೋನಿನಿಂದ ತಲೆಯೆತ್ತಿದ. "ನಮ್ ಲೈನಲ್ಲಿ ರಿಟೈರ್ಮೆಂಟ್ ಅಂದ್ರೆ ಏನಂತ ನಿಂಗೊತ್ತಲ್ವಾ ದೇವರಾಜಣ್ಣ?"

ಗೊತ್ತಿತ್ತು. ಹಿಂದೆ ಕೆಲಸ ಬಿಡುತ್ತೇನೆಂದು ಹೊರಟ ಇಬ್ಬರನ್ನು ರಿಟೈರ್ ಮಾಡಿದ್ದು ಅವನೇ.

"ಆದ್ರೆ ನಿನ್ನ ರಿಟೈರ್ ಮಾಡೋ ಅಷ್ಟು ಕೆಲ್ಸ ಬರೋರು ನನ್ ತಾವ ಯಾರೂ ಇಲ್ಲ," ಎಂದು ಮನೋಹರ ನಿಟ್ಟುಸಿರು ಬಿಟ್ಟ. "ಇರ್ಲಿ. ಕನಕಪುರದ ಕಡೆ ದೊಡ್ಡಹನುಮಯ್ಯ ಅಂತ ಒಬ್ಬವ್ನೆ. ರೋಡಿಗೆ ಅಂಟ್ಕೊಂಡಿರೋ ಹಿಪ್ಪುನೇರಳೆ ತೋಟ, ಕೊಡಲ್ಲ ಅಂತಾನೆ. ಅವನೊಬ್ಬನ್ನ ಮುಗ್ಸು, ಆಮೇಲೆ ಮನೇಲಿ ಕೂತ್ಕೋ."

ಮಾರನೆಯ ದಿನ ಬೆಳಿಗ್ಗೆ ದೇವರಾಜು ಪಿಸ್ತೂಲನ್ನು ಊಟದ ಚೀಲದಲ್ಲಿಟ್ಟುಕೊಂಡು ದೊಡ್ಡಹನುಮಯ್ಯನ ಮನೆ ಹುಡುಕಿಕೊಂಡು ಹೋದ. ರೇಷ್ಮೆ ಹುಳ ಸಾಕುವ ಹುಳುಮನೆಯ ಬಾಗಿಲಲ್ಲೇ ದೊಡ್ಡಹನುಮಯ್ಯನ ಹೆಂಡತಿ ನಾಗಲಕ್ಷ್ಮಮ್ಮ ಅಡ್ಡ ಬಂದರು.

"ಬೀಡಿ ಸೇದಿದ್ಯಾ? ಕೈಕಾಲು ತೊಳ್ಕಂಡು ಒಳಕ್ ಬಾ. ಇಷ್ಟೊತ್ತಿಗಾ ಬರಾದು? ಹುಳ ಎಲ್ಲಾ ಹಣ್ಣಾಗ್ಬುಟ್ಟವೆ!"

ಬರುತ್ತೇನೆಂದು ಕೈಕೊಟ್ಟಿದ್ದ ಕೂಲಿಯಾಳು ಇವನೇ ಎಂದು ಅವರು ತಿಳಿದಿದ್ದರು. ಹಣ್ಣಾದ ರೇಷ್ಮೆ ಹುಳವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ಬೆಳೆ ಕೆಟ್ಟಂತೆ. ದೇವರಾಜು ಬಾಯಿ ತೆರೆಯುವಷ್ಟರಲ್ಲಿ ಅವನ ಅಂಗೈ ತುಂಬ ಹುಳ ಸುರಿದಿದ್ದರು.

"ಮೆತ್ತಗೆ ಇಡ್ಕಳಯ್ಯ, ಸತ್ತೋದಾವು!"

ಸತ್ತುಹೋದಾವು ಎಂದು ಅವನನ್ನು ಯಾರೂ ಇದುವರೆಗೆ ಗದರಿರಲಿಲ್ಲ. ಅವನು ಮೆತ್ತಗೆ ಹಿಡಿದುಕೊಂಡ.

ಮಧ್ಯಾಹ್ನ ಮುದ್ದೆ ಮುರಿಯುತ್ತ ದೊಡ್ಡಹನುಮಯ್ಯ ಅವನನ್ನೇ ದಿಟ್ಟಿಸಿದ. "ನೀನು ಕೂಲಿಯವ್ನಲ್ಲ. ಮನೋಹರ ಕಳಿಸಿದ್ನಾ?"

"ಹೂಂ."

"ನನ್ನ ಹೊಡೆಯಕ್ಕಾ?"

"ಹೂಂ. ಊಟ ಆಗ್ಲಿ."

ದೊಡ್ಡಹನುಮಯ್ಯ ಹೆಂಡತಿಯತ್ತ ತಿರುಗಿದ. "ಇವ್ನು ನನ್ನ ಹೊಡೆಯಕ್ ಬಂದವ್ನಂತೆ ಕಣೇ."

"ಹೊಡೀಲಿ. ಮೊದ್ಲು ಮೇಲಿನ ಹುಳದ ತಟ್ಟೆ ಇಳ್ಸಕ್ಕೆ ಯೋಳಿ. ನಂಗೆ ಎಟುಕಲ್ಲ."

"ಕೇಳುದ್ಯಾ? ನಾನು ಸತ್ರೆ ಇವಳೊಬ್ಳೇ ಏನ್ ಮಾಡಾಳು? ಸಾವಿನ ಮನೇಲಿ ಹುಳ ಯಾರ್ ನೋಡ್ತಾರೆ? ಗೂಡು ಕಟ್ಟಗಂಟ ಒಸಿ ತಡಿಯಪ್ಪ."

ದೇವರಾಜುವಿಗೆ ಇದು ನ್ಯಾಯವಾಗಿಯೇ ಕಂಡಿತು.

ಹುಳ ಗೂಡು ಕಟ್ಟಿತು. ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಒಯ್ಯುವಾಗ ಮೂಟೆ ಹೊರಲು ಅವನೇ ಹೋದ. ವಾಪಸು ಬರುವಷ್ಟರಲ್ಲಿ ನಾಗಲಕ್ಷ್ಮಮ್ಮ ಹೊಸ ಮರಿಹುಳ ತರಿಸಿಬಿಟ್ಟಿದ್ದರು. ಪಿಸ್ತೂಲಿನ ಚೀಲ ಗೂಟದಲ್ಲೇ ಉಳಿಯಿತು. ಬೆಳಿಗ್ಗೆ ಸೊಪ್ಪು ಕೊಯ್ಯುವುದು, ಮಧ್ಯಾಹ್ನ ದೊಡ್ಡಹನುಮಯ್ಯನ ಜೊತೆ ಹೊಂಗೆಮರದ ಕೆಳಗೆ ಚೌಕಾಬಾರ. ದೊಡ್ಡಹನುಮಯ್ಯ ಆಟದಲ್ಲಿ ಮೋಸ ಮಾಡುತ್ತಿದ್ದ. ಕೊಲ್ಲಬೇಕಾದವನ ಜೊತೆ ಎಲ್ಲಿ ಜಗಳ ಎಂದು ದೇವರಾಜು ಸುಮ್ಮನಿರುತ್ತಿದ್ದ.

ಒಂದು ದಿನ ಮನೋಹರ ಫೋನ್ ಮಾಡಿದ. "ಎಲ್ಲಿಗ್ ಬಂತು ದೇವರಾಜಣ್ಣ?"

ರೇಷ್ಮೆ ಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ದೇವರಾಜುವಿನ ತಲೆಯಲ್ಲಿ ಆಗ ಅದೇ ಇತ್ತು.

"ಎರಡನೇ ಜ್ವರ ನಡೀತಾ ಐತೆ ಅಣ್ಣ."

ಮನೋಹರ ದನಿ ತಗ್ಗಿಸಿದ. "ಜ್ವರ ಬರ್ಸಿದ್ಯಾ?"

"ತಾನಾಗೇ ಬತ್ತದೆ. ಊಟ ಬುಟ್ಟು ಮಲಗಾದು. ನಾಲ್ಕು ಜ್ವರ ಕಳೀಬೇಕು, ಆಮೇಲೆ ಹಣ್ಣಾಗಾದೇ."

"ಯಾರಿಗೂ ಡೌಟ್ ಬರಾಕಿಲ್ವಾ?"

"ಡೌಟ್ ಏನಣ್ಣ, ಊರೋರೆಲ್ಲ ಬಂದು ನೋಡ್ಕಂಡೇ ಓಗ್ತಾವ್ರೆ."

ಮನೋಹರ ಫೋನನ್ನು ಎರಡೂ ಕೈಯಿಂದ ಮೆಲ್ಲಗೆ ಕೆಳಗಿಟ್ಟ.

ನಾಲ್ಕನೇ ಜ್ವರ ಕಳೆದ ದಿನ ದೊಡ್ಡಹನುಮಯ್ಯ ಸೊಪ್ಪಿನ ಹೊರೆ ಇಳಿಸಿ, "ಒಸಿ ಕೂತ್ಕತೀನಿ ಕಣ್ಲಾ," ಎಂದು ಹೊಂಗೆಮರಕ್ಕೆ ಒರಗಿದ. ಮತ್ತೆ ಏಳಲಿಲ್ಲ. ಡಾಕ್ಟರ್ ನಯನಾ ಬಂದು ನೋಡಿ, ವಯಸ್ಸಾಗಿತ್ತು, ಹೃದಯ ನಿಂತಿದೆ ಎಂದರು. ಎಷ್ಟೋ ಸಾವು ಕಂಡಿದ್ದ ದೇವರಾಜು ಹೆಣಕ್ಕೆ ನೀರು ಹಾಕುವವರೆಗೆ ಎಲ್ಲೂ ನಿಂತವನಲ್ಲ. ಇಲ್ಲಿ ನಿಂತ. ಚಟ್ಟಕ್ಕೆ ಹೆಗಲು ಕೊಟ್ಟು ಮಂಡಿನೋವಿನಲ್ಲೇ ತೋಟದವರೆಗೆ ನಡೆದ. ಮಣ್ಣು ಹಾಕುವಾಗ ಅತ್ತುಬಿಟ್ಟ.

ಮನೋಹರ ಅಂದೇ ಹಾರ ಹಿಡಿದು ಬಂದು ಅವನನ್ನು ಪಕ್ಕಕ್ಕೆ ಎಳೆದ. "ದೇವರಾಜಣ್ಣ, ನಮ್ಮಪ್ಪ ಯೋಳ್ತಿದ್ದ ನೀನು ದೊಡ್ಡ ಕೆಲ್ಸಗಾರ ಅಂತ. ಆ ಅಳು ಬೇರೆ! ನಾನೇ ನಂಬ್ಬುಟ್ಟೆ!"

"ಅಣ್ಣ, ದೇವ್ರಾಣೆ ನಾನೇನೂ ಮಾಡ್ಲಿಲ್ಲ."

"ನನ್ ಹತ್ರಾನೂ ಅದೇ ಮಾತು!" ಮನೋಹರ ಕೈಮುಗಿದ. "ಇಂಥ ಕೈನ ರಿಟೈರ್ ಮಾಡಕ್ಕಾಗುತ್ತಾ? ಇನ್ನೊಂದೈತೆ. ತೋಟ ಈಗ ಆಯಮ್ಮನ ಹೆಸ್ರಿಗೆ ಬತ್ತದೆ. ಆಕೇನೂ ಕೊಡಲ್ಲ ಅಂತಾಳೆ."

ದೇವರಾಜು ಹುಳುಮನೆಯತ್ತ ನೋಡಿದ. ಸಾವಿನ ಮನೆಯೆಂದು ಹುಳ ಕಾಯುವುದಿಲ್ಲ. ನಾಗಲಕ್ಷ್ಮಮ್ಮ ಆಗಲೇ ಸೆರಗು ಬಿಗಿದು, ಕಣ್ಣೊರೆಸಿಕೊಳ್ಳುತ್ತ ಸೊಪ್ಪು ಹಾಸುತ್ತಿದ್ದರು. ತೊಂಬತ್ತು ದಾಟಿದ ಅವರ ಅವ್ವ ಚನ್ನಪಟ್ಟಣದಲ್ಲಿ ಇನ್ನೂ ಗಟ್ಟಿಯಾಗಿದ್ದು, ತಾನೇ ರಾಗಿ ಬೀಸುತ್ತಾಳೆಂದು ಅವನು ಕೇಳಿದ್ದ.

"ಇದೂ ಇಂಗೇ ಆಗ್ಬೇಕಾ ಅಣ್ಣ? ಯಾರಿಗೂ ಡೌಟ್ ಬರ್ದಂಗೆ?"

"ಇಂಗೇ."

"ಟೈಮ್ ಹಿಡೀತದೆ."

"ಎಷ್ಟಾದ್ರೂ ಹಿಡೀಲಿ. ಕಲೆಗೆ ಅವಸರ ಮಾಡ್ಬಾರ್ದು."

ಅದಾಗಿ ಎರಡು ವರ್ಷವಾಯಿತು. ದೇವರಾಜು ತೋಟದ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿದ್ದಾನೆ. ಮನೋಹರ ಆಗಾಗ ಹಣ್ಣು ತಂದು ನಾಗಲಕ್ಷ್ಮಮ್ಮನ ಆರೋಗ್ಯ ವಿಚಾರಿಸುತ್ತಾನೆ. ಅವನ ಸೆಂಟಿನ ವಾಸನೆ ಹುಳಕ್ಕೆ ಆಗದೆಂದು ಅವರು ಅವನನ್ನು ಹುಳುಮನೆಯ ಹತ್ತಿರ ಬಿಡುವುದಿಲ್ಲ, ಬಿಸಿಲಲ್ಲೇ ನಿಲ್ಲಿಸುತ್ತಾರೆ. ಹೋದ ವಾರ ನಾಗಲಕ್ಷ್ಮಮ್ಮ ಒಮ್ಮೆ ಕೆಮ್ಮಿದರು. ಮನೋಹರ ದೇವರಾಜುವಿನತ್ತ ಮೆಚ್ಚುಗೆಯಿಂದ ಕಣ್ಣು ಮಿಟುಕಿಸಿದ. ಅವನು ಕಾರು ಹತ್ತಿ ಹೋಗುತ್ತಲೇ ದೇವರಾಜು ಒಳಗೆ ಓಡಿ, ಮಂಡಿ ಕಿರುಗುಟ್ಟುತ್ತಿದ್ದರೂ ಓಡಿ, ಮೆಣಸಿನ ಕಷಾಯಕ್ಕೆ ನೀರಿಟ್ಟ.