ರಾವಸಾಬರ ಒಣ ರುಮಾಲು

ಸಿಂದಗಿಯ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನ ಚರಿತ್ರೆ ಹೇಳುವ ಗುತ್ತಿಗೆ ರಾವಸಾಬರದು. ಪ್ರತಿ ಕ್ರಿಸ್‌ಮಸ್ಸಿಗೂ ಎದ್ದು ನಿಂತು ಅದೇ ಪುರಾಣ ಬಿಚ್ಚುತ್ತಿದ್ದರು: "ಐವತ್ತೊಂದನೇ ಇಸ್ವಿಯೊಳಗ ಈ ಊರಾಗ ಎಲ್ಲಾರಕಿಂತ ಮೊದಲ ನೀರಿಗಿ ಇಳಿದಾಂವ ನಾನ." ಇಳಿದದ್ದು ನಿಜ. ಮುಳುಗಿದ್ದು ಸುಳ್ಳು.

ನಮ್ಮಲ್ಲಿ ಹಣೆಗೆ ನಾಲ್ಕು ಹನಿ ಚಿಮುಕಿಸಿದರೆ ನಡೆಯುವುದಿಲ್ಲ. ತಲೆಸಹಿತ ಪೂರ್ತಿ ಮುಳುಗಿ ಏಳಬೇಕು, ಅದೇ ದೀಕ್ಷಾಸ್ನಾನ. ಊರಿನ ಬಾವಿಗಳ ಹತ್ತಿರ ನಮ್ಮ ಕೇರಿಯವರನ್ನು ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ಇಬ್ರಾಹಿಂಸಾಬರು ಮಾತ್ರ ತಮ್ಮ ತೋಟದ ನೀರಿನ ತೊಟ್ಟಿ ಬಿಟ್ಟುಕೊಟ್ಟರು. ಅದರಲ್ಲಿ ಕುತ್ತಿಗೆ ಮಟ್ಟ ನಿಂತ ರಾವಸಾಬರು, ಹೆಂಗಸರ ಮುಂದೆ ರುಮಾಲು ತೆಗೆಯುವುದಿಲ್ಲ, ತೋಯಿಸುವುದೂ ಇಲ್ಲ ಎಂದು ಹಟ ಹಿಡಿದರು. ಆಗಿನ ಪಾದ್ರಿ ಮೆತ್ತನೆಯ ಮನುಷ್ಯ. ಭುಜ ಒತ್ತಿ ಪ್ರಾರ್ಥನೆ ಮುಗಿಸಿಬಿಟ್ಟ. ದೇವರೆದುರೂ ತಲೆ ಬಗ್ಗಿಸದ ಈ ಮಹಾಶಯರು ಮರುವಾರವೇ ಸಭೆಯ ಹಿರಿಯರಾದರು.

ಹಿರಿಯರಾಗಿ ಕಡಿದು ಕಟ್ಟೆ ಹಾಕಿದ್ದೇನು? ಒಂದು ನಿಯಮ. ದೀಕ್ಷಾಸ್ನಾನ ಆಗದವರಿಗೆ ಚರ್ಚಿನ ಹಿಂದಿನ ಮಸಣದಲ್ಲಿ ಜಾಗವಿಲ್ಲ.

ಆ ನಿಯಮ ನನ್ನ ದೊಡ್ಡವ್ವ ಹುಲಿಗೆವ್ವನ ಕುತ್ತಿಗೆಗೆ ಬಂತು. ದೀಕ್ಷೆ ಪಡೆದು ಸತ್ತಿದ್ದ ಅವಳ ಗಂಡ ಭೀಮಶ್ಯಾನನ್ನು ಅಲ್ಲೇ ಹೂಳಿದ್ದರು. ಅವನ ಪಕ್ಕದಲ್ಲಿ ಮಣ್ಣಾಗಬೇಕು, ಅದೊಂದೇ ಅವಳ ಆಸೆ. ದೀಕ್ಷೆ ಕೇಳಿದಾಗಲೆಲ್ಲ ರಾವಸಾಬರು, "ನಿನ್ನ ಮನಸ್ಸು ಇನ್ನೂ ಹಣ್ಣಾಗಿಲ್ಲ, ಹುಲಿಗೆವ್ವಾ" ಅನ್ನುತ್ತಿದ್ದರು. ತಲೆ ಬೆಳ್ಳಗಾಗಿತ್ತು, ಹಲ್ಲು ಉದುರಿದ್ದವು, ಮನಸ್ಸು ಮಾತ್ರ ಕಾಯಿಯಂತೆ! ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಅಂದು ತೊಟ್ಟಿಯ ದಂಡೆಯಲ್ಲಿ ನಿಂತು ಫಕ್ಕನೆ ನಕ್ಕವಳು ಅವಳೇ.

ಅರವತ್ಮೂರರಲ್ಲಿ ಹೊಸ ಪಾದ್ರಿ ಬಂದರು. ಆಗ ದೊಡ್ಡವ್ವನಿಗೆ ಕೆಮ್ಮು ಹತ್ತಿ, ಎಲುಬು ತೊಗಲು ಒಂದಾಗಿತ್ತು. ಭಾನುವಾರದ ಆರಾಧನೆಯಲ್ಲಿ ಅವಳೇ ಎದ್ದು ದೀಕ್ಷೆ ಕೇಳಿದಳು.

"ಹಿರ್ಯಾರ ಒಪ್ಪಿಗಿ ಇಲ್ದ ಆಗೂದಿಲ್ಲ," ಎಂದರು ರಾವಸಾಬರು, ಕೂತಲ್ಲಿಂದಲೇ.

"ಪಾದ್ರಿ ಸಾಹೇಬ್ರ, ಹಿರ್ಯಾರು ಮೊದಲ ತಾವು ಮುಳುಗಿರಬೇಕೋ ಬ್ಯಾಡೋ ಹೇಳ್ರಿ. ಇವರ ರುಮಾಲಿಗಿ ಒಂದ ಹನಿ ನೀರ ತಾಕಿಲ್ರಿ. ನಾ ಕಣ್ಣಾರೆ ನೋಡೇನಿ," ಎಂದಳು ದೊಡ್ಡವ್ವ.

ಹನ್ನೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಹೆಂಗಸರೆಲ್ಲ ಒಮ್ಮೆಲೇ "ಹೌದ್ರಿ!" ಅಂದರು. ನಮ್ಮ ಗಂಡಸರು ಚಪ್ಪಲಿ ನೋಡುತ್ತ ಕೂತರು. ಹೇಡಿಗಳು.

"ಬರುವ ಭಾನುವಾರ ಇಬ್ಬರೂ ತೊಟ್ಟಿಗೆ ಬನ್ನಿ," ಎಂದರು ಪಾದ್ರಿ. "ರಾವಸಾಬರೆ, ರುಮಾಲು ಮನೆಯಲ್ಲೇ ಇರಲಿ."

ದೊಡ್ಡವ್ವ ಕೆಮ್ಮುತ್ತಲೇ ಬಂದಳು. ಇಬ್ಬರು ಹಿಡಿದು ಇಳಿಸಿದರು. ತಲೆಸಹಿತ ಮುಳುಗಿ ಎದ್ದು, ಮುಖದ ನೀರು ಒರೆಸಿಕೊಳ್ಳದೆ ನಕ್ಕಳು. ನನಗೆ ಅಳು ಬಂತು. ರಾವಸಾಬರು ನೆಗಡಿಯಾಗಿದೆ ಎಂದು ಹೇಳಿಕಳಿಸಿದ್ದರು. ಆ ನೆಗಡಿ ಅವರನ್ನು ಸಾಯುವ ತನಕ ಬಿಡಲಿಲ್ಲ.

ಮಳೆಗಾಲಕ್ಕೆ ಮುಂಚೆ ದೊಡ್ಡವ್ವ ಹೋದಳು. ಭೀಮಶ್ಯಾನ ಪಕ್ಕದಲ್ಲೇ ಇದ್ದಾಳೆ.

ಐದು ವರ್ಷಕ್ಕೆ ರಾವಸಾಬರೂ ತೀರಿಕೊಂಡರು. ಮಕ್ಕಳು ಮಸಣದಲ್ಲಿ ಜಾಗ ಕೇಳಲು ಬಂದಾಗ ಪಾದ್ರಿ ಅವರಪ್ಪನ ನಿಯಮವನ್ನೇ ಹೇಳಿ ಕಳಿಸಿದರು. ಹೊಲದ ಬದುವಿನಲ್ಲಿ ಕುಣಿ ತೋಡಿ, ರುಮಾಲು ಸುತ್ತಿಯೇ ಇಳಿಸಿದರು. ಈ ಸಲ ತಲೆಯೂ ಒಳಗೆ ಹೋಯಿತು.